ತಾರಾನಾಥರ ಕೈಗುಣ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಇಳಿದು ಬರುವ ರಸ್ತೆಯಲ್ಲೇ ತಾರಾನಾಥರ ಹೋಟೆಲು. ಊರು ಉಡುಪಿ ಕಡೆ, ಹೋಟೆಲು ಸಸ್ಯಾಹಾರಿ, ದೋಸೆಗೆ ಒಳ್ಳೆಯ ಹೆಸರು. ಆದರೆ ತಾರಾನಾಥರಿಗೆ ಹೆಮ್ಮೆ ಇದ್ದದ್ದು ದೋಸೆಯ ಬಗ್ಗೆ ಅಲ್ಲ, ದೋಸೆಹಿಟ್ಟಿನ ಬಗ್ಗೆ. ಅಡುಗೆಮನೆಯಲ್ಲಿ ಯಾರ ಕೈ ಸುಟ್ಟರೂ, ಕಾವಲಿ ತಾಗಲಿ, ಎಣ್ಣೆ ಸಿಡಿಯಲಿ, ಇಡ್ಲಿ ಪಾತ್ರೆಯ ಹಬೆ ಹೊಡೆಯಲಿ, ಅವರು ಗಲ್ಲಾ ಬಿಟ್ಟು ಒಳಗೆ ಬರುತ್ತಿದ್ದರು. ಗ್ರೈಂಡರಿನಿಂದ ತಣ್ಣಗಿನ ಹಿಟ್ಟನ್ನು ಬೊಗಸೆಯಲ್ಲಿ ತೆಗೆದು ಸುಟ್ಟ ಜಾಗಕ್ಕೆ ತಾವೇ ದಪ್ಪಗೆ ಹಚ್ಚುತ್ತಿದ್ದರು. ಬೇರೆಯವರು ಹಚ್ಚಿದರೆ ಅವರಿಗೆ ಸಮಾಧಾನವಿಲ್ಲ. ಮುಖ್ಯ ಅಡುಗೆಯವ ದೇಜಪ್ಪ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ತನ್ನ ಮೊಣಕೈ ತೋರಿಸುತ್ತಿದ್ದ.

"ಇಲ್ಲಿ ಕುದಿಯುವ ಎಣ್ಣೆ ಬಿದ್ದದ್ದು ಮಾರಾಯ. ಈಗ ಹುಡುಕಿದ್ರೂ ಕಲೆ ಸಿಗುದಿಲ್ಲ. ಧಣಿಗಳ ಕೈಗುಣ!"

ಬೆರಳಿನಷ್ಟು ಸುಟ್ಟ ಗಾಯ ಹಿಟ್ಟು ಹಚ್ಚಿದರೂ ವಾಸಿಯಾಗುತ್ತದೆ, ಏನೂ ಹಚ್ಚದಿದ್ದರೂ ವಾಸಿಯಾಗುತ್ತದೆ ಎಂದು ಅವರಿಗೆ ಹೇಳುವವರು ಯಾರು? ಹೇಳಿದ್ದರೂ ಕೇಳುವ ಆಸಾಮಿಯಲ್ಲ. ಹೋಟೆಲು ಬಿಟ್ಟು ಹೋದ ಹುಡುಗರು ವರ್ಷಗಳ ಮೇಲೆ ಸಿಕ್ಕಿದಾಗಲೂ ತಾರಾನಾಥರು ಮೊದಲು ಅವರ ಕೈ ತಿರುಗಿಸಿ ನೋಡುತ್ತಿದ್ದರು. ಯೋಗಕ್ಷೇಮ ವಿಚಾರಿಸುವುದು ಆಮೇಲೆ.

ಮನೆ ಹೋಟೆಲಿನ ಹಿಂದಿನ ಬಿಲ್ಡಿಂಗಿನಲ್ಲೇ. ಹೆಂಡತಿ ಜಯಲತಾ, ಮಗ ಪೃಥ್ವಿರಾಜ್, ಸೊಸೆ ಅಶ್ಮಿತಾ, ನಾಲ್ಕು ವರ್ಷದ ಮೊಮ್ಮಗಳು ಅಕ್ಷಯಾ. ಮಗ ರಬಾಳೆಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಸೊಸೆ ಅಲ್ಲೇ ಹತ್ತಿರದ ಕಳವಾ ಎಂಬ ಊರಿನಲ್ಲಿ ಹುಟ್ಟಿ ಬೆಳೆದವಳು, ಠಾಣೆ ನಗರದ ಬ್ಯಾಂಕೊಂದರಲ್ಲಿ ಅವಳಿಗೆ ಕೆಲಸ. ಊರಿನವರ ಮದುವೆ, ಉಪನಯನಗಳಲ್ಲಿ ತಾರಾನಾಥರು ಎಲೆಯ ಮುಂದೆ ಕೂತು ಅವಳ ಬಗ್ಗೆ ಹೇಳಿಕೊಳ್ಳುವುದಿತ್ತು: "ಓದಿದ ಹುಡುಗಿ, ಕೆಲಸಕ್ಕೂ ಹೋಗ್ತಾಳೆ. ಆದ್ರೆ ಇವತ್ತಿನವರೆಗೆ ನನಗೊಂದು ಎದುರು ಮಾತು ಆಡಿದವಳಲ್ಲ." ಕೇಳಿದವರು ತಲೆದೂಗುತ್ತಿದ್ದರು. ಆ ಹುಡುಗಿಗೆ ಆಡಬೇಕಾದ ಮಾತುಗಳೇನಾದರೂ ಇದ್ದವೇ ಎಂದು ಯಾರೂ ಕೇಳಲಿಲ್ಲ.

ಜಯಲತಾ ಅಂತೂ ಮದುವೆಯಾದಂದಿನಿಂದ ಗಂಡನ ತಪ್ಪುಗಳನ್ನು ತಮ್ಮ ಸೆರಗಿಗೆ ಹಾಕಿಕೊಂಡು ಬಂದವರು. ಗಂಡ ಯಾರದೋ ಗೃಹಪ್ರವೇಶ ಮರೆತರೆ "ನಾನೇ ನೆನಪು ಮಾಡ್ಲಿಲ್ಲ" ಅನ್ನುವರು. ಗಂಡ ಯಾರ ಮೇಲಾದರೂ ಹರಿಹಾಯ್ದರೆ "ಅವರಿಗೆ ಇವತ್ತು ಪ್ರೆಶರ್ ಜಾಸ್ತಿ" ಅನ್ನುವರು. ಹೀಗಾಗಿ ತಾವೂ ತಪ್ಪು ಮಾಡಬಹುದು ಎಂಬ ಸಂಗತಿ ತಾರಾನಾಥರ ಗಮನಕ್ಕೆ ಬರಲು ಅವಕಾಶವೇ ಇರಲಿಲ್ಲ.

ಆ ದಿನ ಭಾನುವಾರ. ಬೆಳಗಿನ ತಿಂಡಿಯ ಹೊತ್ತು, ಹೋಟೆಲಿನ ಹೊರಗೂ ಜನ ನಿಂತಿದ್ದರು. ಭಾನುವಾರಗಳಲ್ಲಿ ಅಕ್ಷಯಾ ಅಜ್ಜನ ಜೊತೆ ಗಲ್ಲಾದ ಮೇಲೆ ಕೂತು ಬಂದವರಿಗೆ ಸೋಂಪು ಕೊಡುತ್ತಿದ್ದಳು. ಅಡುಗೆಮನೆಯ ಒಳಗೆ ಮಾತ್ರ ಬಿಡಬೇಡಿ ಎಂದು ಅಶ್ಮಿತಾ ಒಮ್ಮೆ ಹೇಳಿದ್ದಳು. ತಾರಾನಾಥರು ನಕ್ಕಿದ್ದರು. ಹೋಟೆಲಿನವರ ಮಗು ಅಡುಗೆಮನೆಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ?

ಗಿರಾಕಿಯೊಬ್ಬನ ಜೊತೆ ಅವರು ಮಾತಿಗೆ ಸಿಕ್ಕಿದಾಗ ಮಗು ಇಳಿದು ಒಳಗೆ ಓಡಿತು. ಬಡಿಸುವವರು ಆಗಷ್ಟೇ ಕುದಿಯುವ ಸಾಂಬಾರನ್ನು ಸ್ಟೀಲಿನ ಬಕೆಟ್ಟಿಗೆ ತುಂಬಿ ಕಿಟಕಿಯ ಕೆಳಗಿನ ಸ್ಟೂಲಿನ ಮೇಲೆ ಇಟ್ಟಿದ್ದರು. ಅಕ್ಷಯಾ ಅದರ ಹಿಡಿಕೆಯನ್ನು ಎಳೆದಳು. ಸಾಂಬಾರು ಅವಳ ಎದೆ, ಬಲಗೈ, ತೊಡೆಗಳ ಮೇಲೆ ಬಿತ್ತು. ಮಗು ಕಿರುಚಿದ್ದು ರಸ್ತೆಯವರೆಗೂ ಕೇಳಿಸಿತು.

ಮನೆಯಿಂದ ಮಗಳನ್ನು ಕರೆದೊಯ್ಯಲು ಬರುತ್ತಿದ್ದ ಅಶ್ಮಿತಾ ಹಿಂದಿನ ಬಾಗಿಲಲ್ಲಿ ಇದ್ದಳು. ಓಡಿ ಬಂದವಳೇ ಮಗುವನ್ನು ಎತ್ತಿ, ಫ್ರಾಕು ಕಳಚಿ, ಪಾತ್ರೆ ತೊಳೆಯುವಲ್ಲಿ ನಲ್ಲಿ ತಿರುಗಿಸಿ ಅದರ ಕೆಳಗೆ ಹಿಡಿದಳು. ತಣ್ಣೀರು ಸುರಿಯುತ್ತಿತ್ತು, ಮಗು ಬೊಬ್ಬೆ ಹೊಡೆಯುತ್ತಿತ್ತು, ತಾಯಿಯೂ ಅಳುತ್ತಿದ್ದಳು. ಆದರೆ ಕೈ ಸಡಿಲಿಸಲಿಲ್ಲ. ಅಷ್ಟು ಹೊತ್ತಿಗೆ ತಾರಾನಾಥರು ಬಂದರು.

"ಏ, ನೀರು ಹಾಕ್ಬೇಡ! ಬೊಕ್ಕೆ ಬರ್ತದೆ!"

"ಮಾವ, ನೀರೇ ಹಾಕ್ಬೇಕಂತೆ. ನಾನು ಮೊಬೈಲಲ್ಲಿ ನೋಡಿದ್ದೇನೆ. ಸ್ವಲ್ಪ ಹೊತ್ತು ಹೀಗೇ ಇರ್ಲಿ. ಆಮೇಲೆ ಆಸ್ಪತ್ರೆಗೆ..."

"ಮೊಬೈಲ್ ನೋಡಿ ಮದ್ದು ಮಾಡುದಾ? ನಾನು ಎಷ್ಟು ಸುಟ್ಟದ್ದು ನೋಡಿದ್ದೇನೆ ಗೊತ್ತುಂಟಾ ನಿನಗೆ?"

ಇಡೀ ಅಡುಗೆಮನೆ ನೋಡುತ್ತಿತ್ತು. ತಾರಾನಾಥರು ಕೈ ಚಾಚಿ ನಲ್ಲಿ ನಿಲ್ಲಿಸಿದರು. ಮಗುವನ್ನು ಅವಳ ತೋಳಿನಿಂದ ತೆಗೆದುಕೊಂಡು ದೇಜಪ್ಪನಿಗೆ ಹಿಟ್ಟು ತರಲು ಹೇಳಿದರು. ಅಶ್ಮಿತಾ ಖಾಲಿ ಕೈಯಲ್ಲಿ ನಿಂತಳು. ಎದುರು ಮಾತಾಡದ ಸೊಸೆ ಅನ್ನಿಸಿಕೊಂಡವಳಿಗೆ ಅಷ್ಟು ಜನರ ಮುಂದೆ ಅದನ್ನು ಮುರಿಯುವ ಧೈರ್ಯ ಬರಲಿಲ್ಲ.

ಎದೆಗೆ, ಕೈಗೆ, ತೊಡೆಗೆ ತಾರಾನಾಥರು ಬೊಗಸೆ ಬೊಗಸೆ ಹಿಟ್ಟು ಹಚ್ಚಿದರು. ತಣ್ಣಗಾಯಿತೋ, ಅತ್ತು ಸುಸ್ತಾಯಿತೋ, ಮಗುವಿನ ಕೂಗು ಸ್ವಲ್ಪ ಹೊತ್ತಿಗೆ ಬಿಕ್ಕಳಿಕೆಗೆ ಇಳಿಯಿತು. ಆಮೇಲೆ ಅಜ್ಜನ ಹೆಗಲ ಮೇಲೆ ನಿದ್ದೆ ಹೋಯಿತು. ತಾರಾನಾಥರು ಸುತ್ತ ನಿಂತವರನ್ನೊಮ್ಮೆ ನೋಡಿದರು. "ಕಂಡಿರಾ?" ಎಂದರು.

ಮಧ್ಯಾಹ್ನ ಮನೆಯಲ್ಲಿ ಮಗು ಊಟ ಮಾಡಲಿಲ್ಲ. ಕುಡಿದ ಹಾಲು ವಾಂತಿಯಾಯಿತು. ಅಶ್ಮಿತಾ ಆಸ್ಪತ್ರೆಯ ಮಾತೆತ್ತಿದಳು. ತಾರಾನಾಥರು ಮಂಚದ ಪಕ್ಕ ಪೇಪರು ಹಿಡಿದು ಕೂತಿದ್ದವರು, "ಭಾನುವಾರ ಯಾವ ಒಳ್ಳೆ ಡಾಕ್ಟ್ರು ಸಿಗ್ತಾರೆ? ಕಲಿಯುವ ಹುಡುಗರು ಇರ್ತಾರೆ. ಅವರ ಕೈಗೆ ಮಗು ಕೊಡುದಾ?" ಎಂದರು. ಹೊತ್ತು ಇಳಿಯುತ್ತ ಬಂದಂತೆ ಹಿಟ್ಟು ಒಣಗಿ ಬಿರುಕು ಬಿಟ್ಟಿತು. ಕೋಣೆಯಲ್ಲಿ ಹುಳಿ ವಾಸನೆ ತುಂಬಿತು. ಮಗುವಿನ ತುಟಿ ಒಣಗಿತ್ತು, ಕರೆದರೆ ಅರೆಗಣ್ಣು ತೆರೆದು ಮತ್ತೆ ಮುಚ್ಚುತ್ತಿತ್ತು. ಅಶ್ಮಿತಾ ಇನ್ನೊಮ್ಮೆ ಕೇಳಿದಳು. ಅವರು ಪೇಪರಿನ ಪುಟ ತಿರುಗಿಸಿದರು. ಒಳಗೊಳಗೇ ಅವರಿಗೂ ಹೆದರಿಕೆ ಹತ್ತಿತ್ತು. ಆದರೆ ಈಗ ಆಸ್ಪತ್ರೆಗೆ ಹೊರಡುವುದೆಂದರೆ ಬೆಳಿಗ್ಗೆ ಸೊಸೆ ಹೇಳಿದ್ದೇ ಸರಿ ಎಂದು ಒಪ್ಪಿದ ಹಾಗೆ. ಆ ಒಂದು ಮಾತಿಗಾಗಿ ಅವರು ಇನ್ನೂ ಸ್ವಲ್ಪ ಹೊತ್ತು ಪೇಪರು ಹಿಡಿದು ಕೂತರು.

ಸಂಜೆ ಚಹಾದ ಹೊತ್ತಿಗೆ ಮಗು ಗಡಗಡ ನಡುಗಲು ಶುರು ಮಾಡಿತು. ಆಗ ಅಶ್ಮಿತಾ ಯಾರನ್ನೂ ಕೇಳಲಿಲ್ಲ. ಮಗುವನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು. ಅತ್ತೆ ಮಾವ ಹಿಂದೆ ಓಡಿ ಬಂದರು. ಪಕ್ಕದ ಊರು ಕಲ್ಯಾಣದಲ್ಲಿ ಅಪಘಾತ, ಹೆರಿಗೆ, ಮಕ್ಕಳ ತುರ್ತು ಚಿಕಿತ್ಸೆ ಎಂದು ದೊಡ್ಡ ಬೋರ್ಡು ಹಾಕಿದ ಆಸ್ಪತ್ರೆಯೊಂದಿತ್ತು. ಟ್ಯಾಕ್ಸಿ ಅಲ್ಲಿಗೆ ಹೊರಟಿತು.

ಪತ್ರಿಪೂಲ್ ಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಗಾಡಿ ಸಿಕ್ಕಿಕೊಂಡಾಗ ಜಯಲತಾ ಮೊದಲು ಟಿಟ್ವಾಳಾದ ಗಣಪತಿಗೆ ಹರಕೆ ಹೇಳಿಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ನೋಡು ಅಶ್ಮಿತಾ, ಅಲ್ಲಿ ಕೇಳ್ತಾರೆ. ಮನೆಯಲ್ಲಿ ಹಾಲು ಚೆಲ್ಲಿದ್ದು ಅಂತ ಹೇಳುವ. ಈಗ ಚಹಾದ ಹೊತ್ತಿಗೆ ಆದದ್ದು ಅಂತ. ಹೋಟೆಲು ಅಂದ್ರೆ ಪೊಲೀಸು ಬರ್ತಾರೆ, ಮುನಿಸಿಪಾಲ್ಟಿಯವರು ಬರ್ತಾರೆ. ಬೆಳಿಗ್ಗೆ ಆದದ್ದು ಅಂದ್ರೆ, ಇಷ್ಟು ಹೊತ್ತು ಎಂತ ಮಾಡಿದ್ರಿ ಕೇಳ್ತಾರೆ. ಮಾವನ ಮರ್ಯಾದೆ ಎಂತ ಆಗ್ಬೇಕು ಈ ವಯಸ್ಸಲ್ಲಿ?"

ಅಶ್ಮಿತಾ ಮುಂದಿನ ಸೀಟಿನತ್ತ ನೋಡಿದಳು. ತಾರಾನಾಥರು ಡ್ರೈವರನ ಪಕ್ಕ ಕೂತಿದ್ದರು. ಎಲ್ಲವೂ ಕೇಳಿಸಿತ್ತು. ಬೇಡ ಎನ್ನಲು ಒಂದು ಶಬ್ದ ಸಾಕಿತ್ತು. ಅವರು ಗಾಜಿನ ಆಚೆ, ಎದುರಿನ ಬಸ್ಸಿನ ಹಿಂಭಾಗವನ್ನು ನೋಡುತ್ತ ಕೂತರು. ಹೆಂಡತಿ ಎಂದಿನ ಹಾಗೆ ವ್ಯವಸ್ಥೆ ಮಾಡುತ್ತಿದ್ದಳು. ಒಪ್ಪಿಕೊಳ್ಳುವ ಕಷ್ಟವೂ ಅವರಿಗೆ ಇರಲಿಲ್ಲ, ಸುಮ್ಮನಿದ್ದರೆ ಆಯಿತು.

ತುರ್ತು ವಿಭಾಗದಲ್ಲಿದ್ದ ಮಕ್ಕಳ ಡಾಕ್ಟರು ಬೆಡ್‌ಶೀಟು ಬಿಡಿಸಿ ನೋಡಿದರು. ಮುಖದಿಂದ ವಾಸನೆ ಸರಿಸುವಂತೆ ಕೈಯಾಡಿಸಿ, "ಯೇ ಕ್ಯಾ ಲಗಾಯಾ ಹೈ?" ಎಂದು ಕೇಳಿದರು. ಜಯಲತಾ ಗಾಬರಿಯಲ್ಲಿ ಸೊಸೆಗೆ ಕನ್ನಡದಲ್ಲಿ ಏನೋ ಪಿಸುಗುಟ್ಟಿದ್ದು ಅವರ ಕಿವಿಗೆ ಬಿತ್ತು. ಡಾಕ್ಟರ ಹೆಸರು ಶ್ರೀಲಕ್ಷ್ಮಿ, ವಿಜಯಪುರದ ಕಡೆಯವರು.

"ಕನ್ನಡದಾಗ ಹೇಳ್ರಿ. ಇದೇನು ಹಚ್ಚೀರಿ?"

"ದೋಸೆಹಿಟ್ಟು," ಎಂದಳು ಅಶ್ಮಿತಾ.

"ಯಾರು ಹಚ್ಚಿದ್ರು?"

"ನಾನೇ ಹಚ್ಚಿದೆ."

"ಯವ್ವಾ, ಓದಿದಾಕಿ ಇದ್ದಂಗ ಕಾಣ್ತಿ. ಸುಟ್ಟ ಚರ್ಮಕ್ಕ ಹುಳಿ ಹಿಟ್ಟು ಬಡೀತಾರೇನ? ಒಂದು ನೀರಾದ್ರೂ ಹಾಕಬಾರದಾಗಿತ್ತಾ? ನಲ್ಲಿ ಕೆಳಗ ಹಿಡಿದಿದ್ರ ಅರ್ಧ ಸುಡೋದು ತಪ್ಪತಿತ್ತು."

ಅಶ್ಮಿತಾ ತಲೆ ತಗ್ಗಿಸಿದಳು. ತಾರಾನಾಥರು ಗೋಡೆಯ ಮೇಲೆ ಬರೆದಿದ್ದ, ಚಪ್ಪಲಿ ಹೊರಗೆ ಬಿಡಿ ಎಂಬ ಮರಾಠಿ ಸೂಚನೆಯನ್ನು ಓದಿದರು. ಓದಿ ಮುಗಿಸಿ ಮತ್ತೆ ಓದಿದರು. ಆ ಬೈಗುಳದ ಒಂದೊಂದು ಮಾತೂ ತಮಗೆ ಸಲ್ಲಬೇಕಾದದ್ದು ಎಂದು ಗೊತ್ತಿತ್ತು. ಅದು ಮತ್ತೊಬ್ಬರ ತಲೆಯ ಮೇಲೆ ಬೀಳುವುದನ್ನು ನೋಡುತ್ತ ನಿಂತದ್ದು ಅವರ ಜೀವನದಲ್ಲಿ ಅದೇ ಮೊದಲಲ್ಲ. ಆದರೆ ನಾಚಿಕೆಯಾದದ್ದು ಅದೇ ಮೊದಲು. ಆದರೂ ಬಾಯಿ ಬಿಡಲಿಲ್ಲ.

"ಯಾವಾಗ ಆತು?" ಡಾಕ್ಟರು ಕೇಳಿದರು.

"ಈಗ. ಚಹಾದ ಹೊತ್ತಿಗೆ. ನಾಲ್ಕು ಗಂಟೆ," ಎಂದಳು ಅಶ್ಮಿತಾ. ಡಾಕ್ಟರು ಅವಳನ್ನು, ಒಣಗಿದ ಹಿಟ್ಟನ್ನು, ಮತ್ತೆ ಅವಳನ್ನು ನೋಡಿದರು. ಆದರೆ ವಾದಕ್ಕೆ ಸಮಯವಿರಲಿಲ್ಲ. ಮಗುವನ್ನು ಒಳಗೆ ಸಾಗಿಸಿದರು.

ಬಾಗಿಲು ಮುಚ್ಚಿತು. ನೋವಿಗೆ ಮದ್ದು ಕೊಟ್ಟು ಹಿಟ್ಟನ್ನು ತೊಳೆದು ತೆಗೆಯುತ್ತಾರೆ ಎಂದು ನರ್ಸು ಹೇಳಿ ಹೋಗಿದ್ದಳು. ಮದ್ದು ಕೊಟ್ಟರೂ ಮಗುವಿನ ದನಿ ಹೊರಗೆ ಬರುತ್ತಿತ್ತು. ಬೆಳಗಿನ ಹಾಗೆ ಬೊಬ್ಬೆಯಲ್ಲ, ಶಕ್ತಿಯಿಲ್ಲದ ಸಣ್ಣ ನರಳಿಕೆ. ತಾರಾನಾಥರು ತಮ್ಮ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು. ಒಳಗೆ ಉಜ್ಜಿ ತೆಗೆಯುತ್ತಿರುವುದು ತಾವು ಹಚ್ಚಿದ್ದನ್ನು. ಎಷ್ಟು ದಪ್ಪಗೆ ಹಚ್ಚಿದ್ದರು! ಮೊಮ್ಮಗಳೆಂದು ಕೆಲಸದವರಿಗಿಂತ ಎರಡು ಪಟ್ಟು ಹಚ್ಚಿದ್ದರು.

ಅಮ್ಮ ಫೋನಿನಲ್ಲಿ ಹಾಲು ಚೆಲ್ಲಿದ ಕಥೆಯನ್ನೇ ಹೇಳಿ ಕರೆಸಿದ್ದ ಪೃಥ್ವಿರಾಜ್ ರಬಾಳೆಯಿಂದ ಬಂದ. ಆ ವಾರ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ, ಭಾನುವಾರವೂ ಡ್ಯೂಟಿ. ಠಾಣೆಯಲ್ಲಿ ಗಾಡಿ ಬದಲಿಸಿ, ಕಲ್ಯಾಣ ಸ್ಟೇಷನ್ನಿನಿಂದ ಓಡಿಕೊಂಡೇ ಬಂದಿದ್ದ. ಅಂಗಿ ಬೆವರಿನಲ್ಲಿ ಒದ್ದೆ. ಬಂದವನೇ ಹೆಂಡತಿಯ ಮೇಲೆ ಎರಗಿದ.

"ಒಂದು ಮಗು ನೋಡ್ಕೊಳ್ಳಿಕ್ಕೆ ಆಗುದಿಲ್ವಾ ನಿನಗೆ? ಹಾಲು ಅಷ್ಟು ಕೆಳಗೆ ಯಾಕೆ ಇಟ್ಟದ್ದು? ಎಂತ ಮಾಡ್ತಾ ಇದ್ದೆ, ಮೊಬೈಲ್ ನೋಡ್ತಾ ಇದ್ಯಾ?"

ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿದರು. ಅಲ್ಲೊಬ್ಬಳು ತುಂಬು ಗರ್ಭಿಣಿ ನೋವು ಹಿಡಿದುಕೊಂಡು ನಿಂತಿದ್ದವಳು ಕೂಡ ತನ್ನ ನೋವು ಮರೆತು ನೋಡಿದಳು. ಜಯಲತಾ ಮಗನ ತೋಳು ಹಿಡಿದು, "ಹೋಗ್ಲಿ ಬಿಡು, ಅವಳಿಗೂ ಬೇಜಾರಾಗಿದೆ" ಎಂದರು. ದೊಡ್ಡ ಮನಸ್ಸು ಮಾಡಿ ಸೊಸೆಯನ್ನು ಕ್ಷಮಿಸುವವರ ಹಾಗೆ. ತಾರಾನಾಥರಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಮಗನನ್ನು ಬದಿಗೆ ಕರೆದು ಹೇಳಿಬಿಡೋಣ ಎಂದುಕೊಂಡರು. ಈಗಲ್ಲ, ಇಷ್ಟು ಜನರ ಮುಂದೆ ಬೇಡ, ಮನೆಗೆ ಹೋದ ಮೇಲೆ, ಮಗು ಹುಷಾರಾದ ಮೇಲೆ. ಹೇಡಿತನಕ್ಕೆ ಮುಂದಿನ ಹೊತ್ತು ಯಾವಾಗಲೂ ಅನುಕೂಲವಾಗಿಯೇ ಕಾಣುತ್ತದೆ.

ಡಾಕ್ಟರ್ ಶ್ರೀಲಕ್ಷ್ಮಿ ಹೊರಗೆ ಬಂದರು. ಈ ಸಲ ಬೈಯುವ ದನಿಯಲ್ಲಿರಲಿಲ್ಲ. ಅದೇ ಹೆಚ್ಚು ಹೆದರಿಸಿತು.

"ಸಲೈನ್ ಹಚ್ಚೀವಿ. ಆದ್ರ ಮೂತ್ರ ಒಂದು ಹನಿ ಬರವಲ್ದು. ನಾಡಿ ಭಾಳ ಜೋರ ಓಡಾಕತ್ತೈತಿ. ನೀವು ಹೇಳೂ ಹೊತ್ತಿಗೂ ಕೂಸಿನ ಮೈಗೂ ತಾಳೆ ಆಗವಲ್ದು."

"ಅಂದ್ರೆ?" ಪೃಥ್ವಿರಾಜ್ ಕೇಳಿದ.

"ಸುಟ್ಟ ಜಾಗದಿಂದ ಮೈಯಾಗಿನ ನೀರು ಸೋರಿ ಹೋಗತೈತಿ. ಸುಟ್ಟು ಎಷ್ಟು ಹೊತ್ತಾತು ಅನ್ನೂದರ ಮ್ಯಾಲೆ ನಾವು ಎಷ್ಟು ಕೊಡಬೇಕು, ಎಷ್ಟು ಲಗೂ ಕೊಡಬೇಕು ಅಂತ ಲೆಕ್ಕ ಹಾಕ್ತೀವಿ. ಈಗ ಆದದ್ದು ಅಂದ್ರ ಒಂದು ಲೆಕ್ಕ, ಮುಂಜಾನೆ ಆದದ್ದು ಅಂದ್ರ ಬ್ಯಾರೇನ ಲೆಕ್ಕ. ಕಡಿಮಿ ಆದ್ರ ಕಿಡ್ನಿ ಕೈ ಕೊಡ್ತಾವು. ಕಣ್ಣು ಮುಚ್ಚಿ ಹೆಚ್ಚು ಕೊಟ್ರ ಎದ್ಯಾಗ ನೀರು ತುಂಬತೈತಿ. ಇಲ್ಲಾ ಅಂದ್ರ ಕೂಸಿಗೆ ಬ್ಯಾರೆ ಏನರ ತೊಂದರೆ ಐತಿ ಅಂತ ನಾ ಅದನ್ನ ಹುಡುಕ್ಕೋತ ಕೂಡಬೇಕು. ಹುಡುಕಾಕ ಹೊತ್ತಿಲ್ಲ." ಅವರು ಅಶ್ಮಿತಾಳ ಎದುರು ನಿಂತರು. "ನಾ ಬೈಯಾಕ ಕೇಳಾಕತ್ತಿಲ್ಲ. ಖರೆ ಹೇಳವಾ. ನಾಲ್ಕು ಗಂಟೇಕ ಆದದ್ದಾ?"

ಅಶ್ಮಿತಾ ಮೊದಲು ಅತ್ತೆಯನ್ನು ನೋಡಿದಳು, ಆಮೇಲೆ ಮಾವನನ್ನು. ತನ್ನ ಮಗುವಿನ ಜೀವ ಉಳಿಸುವ ಒಂದು ಮಾತಿಗೆ ಅವಳು ಅಪ್ಪಣೆ ಕೇಳುತ್ತಿದ್ದಳು. ಆ ನೋಟ ತಾರಾನಾಥರಿಗೆ ಅರ್ಥವಾಯಿತು. ನೆಲ ಬಾಯಿ ತೆರೆದು ತಮ್ಮನ್ನು ನುಂಗಬಾರದೇ ಅನ್ನಿಸಿತು.

"ಡಾಕ್ಟ್ರೇ, ನಾಲ್ಕು ಗಂಟೆ ಅಲ್ಲ," ಎಂದರು. "ಸ್ವಲ್ಪ ಮೊದಲು. ಮಧ್ಯಾಹ್ನ ಇರ್ಬೇಕು."

"ಮಧ್ಯಾಹ್ನ ಅಂದ್ರ?"

"ಊಟ ಆದ ಮೇಲೆ... ಅಂದಾಜು."

ಹೌದು, ಆಗಲೂ ಅವರು ಚೌಕಾಸಿ ಮಾಡಿದರು. ಒಳಗೆ ಮೊಮ್ಮಗಳ ಮೂತ್ರ ನಿಂತಿತ್ತು, ಹೊರಗೆ ಅಜ್ಜ ಸತ್ಯವನ್ನು ಎಷ್ಟು ಕಡಿಮೆಗೆ ಕೊಟ್ಟು ಮುಗಿಸಬಹುದು ಎಂದು ನೋಡುತ್ತಿದ್ದರು. ಮಧ್ಯಾಹ್ನ ಎಂದರೆ ಕೆಲಸ ಆದೀತು, ಮರ್ಯಾದೆಯೂ ಅರ್ಧ ಉಳಿದೀತು ಎಂಬ ಎಣಿಕೆ. ಡಾಕ್ಟರು ಆ ಲೆಕ್ಕ ಹಿಡಿದು ಒಳಗೆ ಹೋಗಲು ತಿರುಗಿಯೂ ಬಿಟ್ಟರು. ಅವರ ಕೈ ಬಾಗಿಲ ಮೇಲಿತ್ತು. ಅಷ್ಟರಲ್ಲಿ ಒಳಗಿನ ನರಳಿಕೆ ನಿಂತಿತು. ಮಗು ಬರೀ ನಿದ್ದೆಗೆ ಜಾರಿತ್ತು, ಅದು ಆಮೇಲೆ ಗೊತ್ತಾಯಿತು. ಆಗ ತಾರಾನಾಥರಿಗೆ ತಿಳಿದದ್ದು ದನಿ ನಿಂತಿತು ಎಂಬುದಷ್ಟೇ.

"ಬೆಳಿಗ್ಗೆ!" ಅವರ ದನಿ ಕಾರಿಡಾರಿನ ಆ ತುದಿಗೂ ಕೇಳಿಸಿತು. "ಬೆಳಿಗ್ಗೆ ತಿಂಡಿ ಹೊತ್ತಿಗೆ ಆದದ್ದು. ಒಂಬತ್ತು ಗಂಟೆ. ಮನೆಯಲ್ಲಿ ಅಲ್ಲ, ಹೋಟೆಲಲ್ಲಿ. ಹಾಲಲ್ಲ, ಕುದಿಯುವ ಸಾಂಬಾರು. ಮಗುವನ್ನು ನೋಡ್ಕೊಳ್ಬೇಕಾದವ ನಾನು. ಇವಳು ನಲ್ಲಿ ನೀರು ಬಿಟ್ಟಿದ್ಲು, ನಾನು ಬಂದ್ ಮಾಡಿದೆ. ಹಿಟ್ಟು ಹಚ್ಚಿದ್ದು ನಾನು. ಆಸ್ಪತ್ರೆಗೆ ಹೋಗುವ ಅಂತ ಇವಳು ಎಷ್ಟು ಸಲ ಹೇಳಿದ್ಲು, ಬೇಡ ಹೇಳಿದ್ದೂ ನಾನೇ. ಬೆಳಗಿಂದ ಮೂತ್ರ ಮಾಡ್ಲಿಲ್ಲ ಮಗು. ವಾಂತಿ ಮಾಡಿದೆ."

ಡಾಕ್ಟರು ಬೈಯುತ್ತಾರೆಂದು ಅವರು ಕಾದು ನಿಂತರು. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತೇನೋ. ಡಾಕ್ಟರ್ ಶ್ರೀಲಕ್ಷ್ಮಿ, "ಇಷ್ಟ ಬೇಕಾಗಿತ್ತು ನನಗ. ಪೊಲೀಸರು ಬಂದ್ರ ಅವರ ಮುಂದೂ ಇದನ್ನ ಹೇಳ್ರಿ" ಎಂದು ಒಳಗೆ ಓಡಿದರು. ಅವರ ಹಿಂದೆಯೇ ನರ್ಸು ಓಡಿದಳು. ಬಾಗಿಲು ಮುಚ್ಚಿತು. ತಾರಾನಾಥರ ನಾಚಿಕೆಯನ್ನು ವಿಚಾರಿಸಿಕೊಳ್ಳುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಪೃಥ್ವಿರಾಜ್ ಅಪ್ಪನನ್ನು ನೋಡಿದ. "ಪಪ್ಪಾ," ಎಂದ. ಹೆಂಡತಿಯ ಹತ್ತಿರ ಹೋಗಿ ಕೈ ಹಿಡಿಯಲು ನೋಡಿದ. ಅವಳು ಮೆಲ್ಲಗೆ ಬಿಡಿಸಿಕೊಂಡು ಗೋಡೆ ಬದಿಯ ಬೆಂಚಿನಲ್ಲಿ ಕೂತಳು. ಜಯಲತಾ ಸೆರಗಿನಿಂದ ಮುಖ ಮುಚ್ಚಿಕೊಂಡು, "ಅವರಿಗೆ ಗಾಬರಿಯಲ್ಲಿ ಎಂತ ಹೇಳ್ತಾ ಇದ್ದಾರೆ ಅಂತ ಗೊತ್ತಾಗ್ಲಿಲ್ಲ" ಎಂದು ಯಾರಿಗೋ ಹೇಳಲು ಹೋದರು. ತಾರಾನಾಥರು ಹೆಂಡತಿಗೆ ಮೊದಲ ಸಲ ಕೈಮುಗಿದರು. "ಸಾಕು ಮಾರಾಯ್ತಿ. ಇನ್ನು ಮುಚ್ಚಬೇಡ," ಎಂದರು.

ಸುಮಾರು ಹೊತ್ತಿನ ಮೇಲೆ ನರ್ಸು ಬಾಗಿಲು ಸರಿಸಿ, ಮೂತ್ರ ಸ್ವಲ್ಪ ಬಂತು ಎಂದಳು. ಅಷ್ಟಕ್ಕೇ ಜಯಲತಾ ಜೋರಾಗಿ ಅತ್ತರು. ನಾಡಿ ಇಳಿಯುತ್ತಿದೆ, ಇನ್ನೂ ಸ್ವಲ್ಪ ಸುಧಾರಿಸಿದ ಮೇಲೆ ನವಿ ಮುಂಬೈಯಲ್ಲಿ ಸುಟ್ಟಗಾಯಕ್ಕೆಂದೇ ಇರುವ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸುತ್ತೇವೆ ಎಂದು ಡಾಕ್ಟರು ಬಂದು ಹೇಳಿದರು. ತಾರಾನಾಥರು ಎದ್ದು ಸೊಸೆಯ ಬೆಂಚಿನ ಬಳಿ ಹೋದರು. ಕೂರಲು ಧೈರ್ಯವಾಗಲಿಲ್ಲ, ನಿಂತೇ ಇದ್ದರು.

"ನಾನು ದೊಡ್ಡ ತಪ್ಪು ಮಾಡಿದೆ ಅಶ್ಮಿತಾ."

ಅವಳು ತಲೆಯೆತ್ತಲಿಲ್ಲ. "ನೀವು ಕೊನೆಗಾದ್ರೂ ಹೇಳಿದ್ರಿ ಮಾವ. ಡಾಕ್ಟ್ರು ನನ್ನ ಹತ್ರ ಕೇಳಿದ್ದು. ಯಾವಾಗ ಅಂತ, ಯಾರು ಅಂತ. ನಾನು ತಾಯಿ. ನನ್ನ ಮಗಳು ಒಳಗೆ ಹಾಗೆ ನರಳ್ತಾ ಇರುವಾಗ ನಾನು ನಿಮ್ಮ ಮರ್ಯಾದೆ ನೋಡಿದೆ. ಅವರು ಎರಡನೇ ಸಲ ಕೇಳುವಾಗಲೂ ನಿಮ್ಮ ಮುಖ ನೋಡಿದೆ." ಅವಳು ಅಂಗೈಯಿಂದ ಬಾಯಿ ಒತ್ತಿಕೊಂಡಳು. "ನನಗೆ ನಿಮ್ಮ ಮೇಲೆ ಸಿಟ್ಟು ಬರ್ಬೇಕು. ಬರ್ತಾ ಉಂಟು. ಆದ್ರೆ ಅದಕ್ಕಿಂತ ಜಾಸ್ತಿ ನನ್ನ ಬಗ್ಗೆ ನನಗೇ ಅಸಹ್ಯ ಆಗ್ತಾ ಉಂಟು."

ಅವಳ ಆ ಭಯವನ್ನೇ ತಾರಾನಾಥರು ಇಷ್ಟು ದಿನ ಗೌರವ ಎಂದು ಊರಿಗೆಲ್ಲ ಹಂಚಿದ್ದರು. ತಮ್ಮ ತಪ್ಪು ಹಿಟ್ಟಿನದು ಮಾತ್ರ ಎಂದುಕೊಂಡಿದ್ದವರಿಗೆ ಅದು ಎಲ್ಲಿಂದ ಶುರುವಾಗಿದೆ ಎಂಬುದು ಆಗ ಕಂಡಿತು. ಕಂಡದ್ದರಿಂದ ಏನೂ ಹಗುರಾಗಲಿಲ್ಲ.

ಪೊಲೀಸಿನವನು ಬಂದ. ತಾರಾನಾಥರು ಅವನ ಮುಂದೆಯೂ ಎಲ್ಲವನ್ನೂ ಹೇಳಿದರು. ಎರಡನೆಯ ಸಲ ಹೇಳುವುದು ಸುಲಭವಾಗುತ್ತದೆ ಎಂದು ಅಂದುಕೊಂಡಿದ್ದರು, ಆಗಲಿಲ್ಲ. ಮರುದಿನ ಹೋಟೆಲಿನಲ್ಲಿ ದೇಜಪ್ಪ, "ಮಗುವಿಗೆ ಹೇಗುಂಟು ಧಣಿ? ನೀವು ಹಚ್ಚಿದ್ದಕ್ಕೆ ಅಷ್ಟರಲ್ಲೇ ಹೋಯ್ತು ಅಲ್ವಾ?" ಎಂದು ಕೇಳಿದಾಗ, ಮೂರನೆಯ ಸಲ, ತಮ್ಮ ಕೆಲಸದವರೆಲ್ಲರ ಮುಂದೆ ಹೇಳಬೇಕಾಯಿತು. ದೇಜಪ್ಪ ತೋಳು ಮಡಚಿದ್ದ ಅಂಗಿಯನ್ನು ಮೊಣಕೈ ಮುಚ್ಚುವಂತೆ ಕೆಳಗೆ ಎಳೆದುಕೊಂಡ.

ನವಿ ಮುಂಬೈಯ ಆಸ್ಪತ್ರೆಯಲ್ಲಿ ಮೊದಲು ತಾಯಿಯನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಜ್ವರ ಏರುತ್ತಿತ್ತು, ಇಳಿಯುತ್ತಿತ್ತು. ಎದೆಯ ಗಾಯ ಬೇಗ ಮಾಗುತ್ತಿತ್ತು. ಬಲಗೈಗೆ ಬೆನ್ನಿನ ಚರ್ಮ ತೆಗೆದು ಹಚ್ಚಬೇಕಾಗಬಹುದು ಎಂದರು ಅಲ್ಲಿನವರು. ಹಿಟ್ಟಿನಿಂದಾದ ಸೋಂಕು ಹೋಗಲಿ, ಆಮೇಲೆ ನೋಡೋಣ ಎಂದರು. ತಾರಾನಾಥರು ದಿನವೂ ಬಂದು ಹೊರಗಿನ ಕುರ್ಚಿಯಲ್ಲಿ ಕೂತು ಹೋಗುತ್ತಿದ್ದರು. ಒಳಗೆ ಬಿಡಿ ಎಂದು ಯಾರನ್ನೂ ಕೇಳಲಿಲ್ಲ. ಒಂದು ದಿನ ಮಧ್ಯಾಹ್ನ ಅಶ್ಮಿತಾ ಬಾಗಿಲು ತೆರೆದು ಬಂದಳು. ಆ ಭಾನುವಾರದಿಂದ ಅವಳು ಅವರ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು.

"ಅಜ್ಜ ಬೇಕು ಅಂತ ಹಟ ಮಾಡ್ತಾ ಇದ್ದಾಳೆ. ಹೋಗಿ. ಅಜ್ಜ ನೀವೇ ಅಲ್ವಾ."

ನರ್ಸು ಅವರಿಗೆ ಹಸಿರು ಗೌನು ತೊಡಿಸಿ, ಮಗುವನ್ನು ಮುಟ್ಟಬಾರದು ಎಂದು ಎಚ್ಚರಿಸಿ ಒಳಗೆ ಬಿಟ್ಟಳು. ಅಕ್ಷಯಾ ಬ್ಯಾಂಡೇಜಿನ ನಡುವೆ ಮುಖವೊಂದೇ ಉಳಿದವಳ ಹಾಗೆ ಮಲಗಿದ್ದಳು. ಅಜ್ಜನನ್ನು ಕಂಡು ಎಡಗೈ ಎತ್ತಿದಳು. ಇಲ್ಲಿನ ಮಕ್ಕಳ ಹಾಗೆ ಅವಳದ್ದೂ ಅರ್ಧ ಹಿಂದಿ, ಅರ್ಧ ಕನ್ನಡ.

"ಅಜ್ಜಾ, ಗೋದೀ ಮೇ ಲೇಲೋ. ಎತ್ತಿಕೋ."

"ಈಗ ಎತ್ತಬಾರ್ದು ಮಗಾ." ತಾರಾನಾಥರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನೋವಾಗ್ತದೆ ನಿಂಗೆ."

"ನೀನು ಯಾಕೆ ರೋತಾ ಇದ್ದಿ?" ಅಜ್ಜನ ಒದ್ದೆ ಕಣ್ಣು ನೋಡಿ ಕೇಳಿದಳು.

ಇವಳಿಗೂ ಹೇಳಬೇಕು. ಎಲ್ಲರಿಗೂ ಹೇಳಿಯಾಗಿತ್ತು. ಹೇಳಬೇಕಾದವಳಿಗೆ ಹೇಳಿರಲಿಲ್ಲ. ಅವರು ಮಂಚದ ಪಕ್ಕ ಬಗ್ಗಿದರು.

"ನಿನಗೆ ಸಾಂಬಾರು ಬಿತ್ತಲ್ಲ, ಆಗ ಮಮ್ಮಿ ತಣ್ಣೀರು ಹಾಕ್ತಾ ಇದ್ಲು. ನಾನು ಬಿಡ್ಲಿಲ್ಲ. ಹಿಟ್ಟು ಹಚ್ಚಿದೆ. ಅದರಿಂದ ನಿಂಗೆ ಇಷ್ಟು ಜೋರಾದದ್ದು ಮಗಾ. ಅಜ್ಜನದ್ದೇ ತಪ್ಪು."

ಅಕ್ಷಯಾ ಗಾಜಿನ ಬಾಗಿಲ ಆಚೆ ನಿಂತಿದ್ದ ತಾಯಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಎಡಗೈ ಬೆರಳಿನಿಂದ ಅಜ್ಜನನ್ನು ಹತ್ತಿರ ಕರೆದಳು. ಅವರು ಕಿವಿ ಕೊಟ್ಟರು.

"ಕಿಸೀಕೋ ನಹೀ ಬೋಲೂಂಗಿ. ಯಾರಿಗೂ ಹೇಳುದಿಲ್ಲ," ಎಂದು ಪಿಸುಗುಟ್ಟಿದಳು. "ಯಾರಾದ್ರೂ ಕೇಳಿದ್ರೆ ನಾನೇ ಹಚ್ಚಿಕೊಂಡೆ ಹೇಳ್ತೇನೆ."

"ಬೇಡ ಮಗಾ. ಹಾಗೆ ಹೇಳ್ಬಾರ್ದು. ಅಜ್ಜ ಹಚ್ಚಿದ್ದು ಅಂತ ಹೇಳ್ಬೇಕು. ಹೇಳು ನೋಡುವ, ಅಜ್ಜ ಹಚ್ಚಿದ್ದು."

ಮಗು ಬಾಯಿ ಬಿಗಿದುಕೊಂಡು ತಲೆಯಾಡಿಸಿತು. ಇಲ್ಲ, ಹೇಳುವುದಿಲ್ಲ. ಅವರು ಮತ್ತೆ ಕೇಳಿಕೊಂಡರು, ಅಂಗಲಾಚಿದರು. ಅವಳು ಹೇಳಲಿಲ್ಲ.